ಕಾಫಿ ಲೋಟ ನಡುಗಿದರೆ ನಡುಗಲಿ

ಜನರ ನಡುವೆ ಹುಟ್ಟುವ ಭಯವನ್ನು, ಅಂದರೆ ಸಾಮಾಜಿಕ ಆತಂಕವನ್ನು, ನೋಟ್‌ಬುಕ್ ಹಿಡಿದು ಹನ್ನೆರಡು ವಾರ ಎದುರಿಸುವ ಕ್ರಮ ಇದು. ಮೊದಲ ವಾರ ಧೈರ್ಯದ ಕೆಲಸ ಯಾವುದೂ ಇಲ್ಲ, ಬರೆಯುವುದಷ್ಟೇ. ಜೇಬಿನಲ್ಲಿ ಹಿಡಿಸುವ ಪುಟ್ಟ ನೋಟ್‌ಬುಕ್ ಸಾಕು. ಜನರ ನಡುವೆ ಎದೆ ಡವಡವ ಎಂದಾಗಲೆಲ್ಲ, ಅಥವಾ ಏನೋ ನೆಪ ಹೇಳಿ ಹೋಗದೇ ಉಳಿದಾಗಲೆಲ್ಲ, ಅವತ್ತೇ ಐದು ವಿಷಯ ಬರೆದಿಡಬೇಕು. ಎಲ್ಲಿ, ಯಾರಿದ್ದರು? ಏನಾಗಿಬಿಡುತ್ತದೆ ಅನ್ನಿಸಿತು? ಮೈಯಲ್ಲಿ ಏನಾಯಿತು? ಬಚಾವಾಗಲು ಏನು ಮಾಡಿದ್ದಾಯಿತು? ಭಯ ನೂರಕ್ಕೆ ಎಷ್ಟು?

"ಮದುವೆಮನೆಯಲ್ಲಿ ತುಂಬಾ ಭಯ ಆಯ್ತು" ಎಂದು ಬರೆದರೆ ಅದರಿಂದ ಏನೂ ಸಿಗುವುದಿಲ್ಲ. "ಪಂಕ್ತಿಯಲ್ಲಿ ಎದುರಿನವರು ನೋಡ್ತಿದ್ರು. ಅನ್ನ ಕಲಸೋ ಕೈ ನಡುಗೋದು ಕಂಡುಬಿಡುತ್ತೆ ಅನ್ನಿಸ್ತು, 70. ಹಪ್ಪಳ ಮುಟ್ಟಲಿಲ್ಲ, ಮುರಿಯುವಾಗ ಸದ್ದಾದ್ರೆ ಎಲ್ಲರೂ ತಿರುಗ್ತಾರೆ ಅಂತ." ಹೀಗಿರಬೇಕು. ಮುಂದೆ ಕೆಲಸಕ್ಕೆ ಬರುವುದು ಆ ಹಪ್ಪಳವೇ.

ಇದೇ ವಾರ ಒಂದು ಅಳತೆಯನ್ನೂ ತೆಗೆದಿಟ್ಟುಕೊಳ್ಳಿ. ಜನರ ನಡುವಿನ ಭಯವನ್ನು ಅಳೆಯುವ ಸ್ಪಿನ್ ಎಂಬ ಪ್ರಶ್ನಾವಳಿಯಲ್ಲಿ 17 ಹೇಳಿಕೆಗಳಿವೆ. ಕಳೆದ ಒಂದು ವಾರವನ್ನು ನೆನೆದು ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಹಾಕಬೇಕು, ಗರಿಷ್ಠ ಒಟ್ಟು 68. 19 ಅಥವಾ ಹೆಚ್ಚು ಬಂದರೆ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂದರ್ಥ. ಕಾಯಿಲೆ ಇದೆಯೋ ಇಲ್ಲವೋ ಎಂದು ಅದೊಂದೇ ಹೇಳುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ತುಂಬಿದರೆ ಸಾಕು. ದಿನಾ ತುಂಬುವವರಿದ್ದಾರೆ. ಬೇರು ಬಿಟ್ಟಿತೇ ಎಂದು ಸಸಿಯನ್ನು ದಿನಾ ಕಿತ್ತು ನೋಡಿದ ಹಾಗಾಗುತ್ತದೆ ಅದು.

ಒಬ್ಬರೇ ಇರುವುದು ಇಷ್ಟ, ಗದ್ದಲ ಹಿಡಿಸುವುದಿಲ್ಲ ಎನ್ನುವವರಿಗೆ ಇದ್ಯಾವುದೂ ಬೇಕಿಲ್ಲ. ಹೋಗಬೇಕೆಂಬ ಆಸೆಯಿದ್ದೂ ಹೋಗಲಾರದೆ, ಆರು ತಿಂಗಳಿಗೂ ಮೀರಿ ಹಾಗೇ ನಡೆದು, ಕೆಲಸ, ಓದು, ಸ್ನೇಹ ಕೈತಪ್ಪುತ್ತಿದ್ದರೆ ಅದನ್ನು ಸಾಮಾಜಿಕ ಆತಂಕ ಎನ್ನಬಹುದು. ನಮ್ಮಲ್ಲಿ ಸಭಾಕಂಪ ಎಂಬ ಹಳೆಯ ಮಾತಿದೆ. ಆದರೆ ಈ ಕಂಪಕ್ಕೆ ಸಭೆಯೇ ಸೇರಬೇಕೆಂದಿಲ್ಲ. ಕಂಡಕ್ಟರ್ ಹತ್ತಿರ ಬಾಕಿ ಚಿಲ್ಲರೆ ಕೇಳುವುದಕ್ಕೂ ಗಂಟಲು ಕಟ್ಟುತ್ತದೆ.

ಎರಡನೇ ವಾರ ಬರೆದದ್ದನ್ನೆಲ್ಲ ಮುಂದಿಟ್ಟುಕೊಂಡು ಭಯ ಯಾಕೆ ಇಳಿಯದೆ ಉಳಿಯುತ್ತದೆ ಎಂಬುದರ ಚಿತ್ರವನ್ನು ಒಂದು ಹಾಳೆಯ ಮೇಲೆ ಬಿಡಿಸಬೇಕು. 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಮುಂದಿಟ್ಟ ವಿವರಣೆ ಈ ಚಿತ್ರದ ಆಧಾರ. ಅವರ ಪ್ರಶ್ನೆ ಸರಳವಾದದ್ದು. ಈ ಜನ ದಿನಾ ಯಾರನ್ನಾದರೂ ಎದುರಿಸುತ್ತಲೇ ಇರುತ್ತಾರೆ, ಏನೂ ಅನಾಹುತವೂ ಆಗಿರುವುದಿಲ್ಲ. ಹಾಗಿದ್ದರೂ ಭಯ ಯಾಕೆ ತಾನಾಗಿ ಇಳಿಯುವುದಿಲ್ಲ?

ಭಯ ಹುಟ್ಟಿದ ಕೂಡಲೇ ಗಮನ ಎದುರಿನವರಿಂದ ಕಳಚಿ ಒಳಕ್ಕೆ ತಿರುಗುತ್ತದೆ. ಎದೆ ಎಷ್ಟು ಹೊಡೆದುಕೊಳ್ಳುತ್ತಿದೆ, ಮುಖ ಎಷ್ಟು ಬಿಸಿಯಾಗಿದೆ, ದನಿ ನಡುಗಿತೇ ಎಂಬ ಕಾವಲು ಶುರು. ಒಳಗೆ ಸಿಕ್ಕ ಈ ಸುದ್ದಿಯಿಂದಲೇ ಮನಸ್ಸು ಹೊರಗಿನಿಂದ ನೋಡಿದಂತಹ ಒಂದು ಚಿತ್ರ ಕಟ್ಟುತ್ತದೆ: ಕೆಂಪಾದ ಮುಖ, ಬೆವರಿಳಿಯುವ ಹಣೆ, ಪೆದ್ದು ಪೆದ್ದಾಗಿ ನಿಂತ ಆಕೃತಿ. ಎದುರಿನವರಿಗೂ ಇದೇ ಕಾಣುತ್ತಿದೆ ಎಂದು ನಂಬಿಬಿಡುತ್ತೇವೆ. ಅವರ ಮುಖವನ್ನು ನೋಡುವುದನ್ನೇ ಬಿಟ್ಟಿರುವುದರಿಂದ ಅದು ಸುಳ್ಳು ಎನ್ನುವ ಸಾಕ್ಷಿ ಕಣ್ಣಿಗೆ ಬೀಳುವುದೇ ಇಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಡುವಂಥದ್ದು. ವಿದ್ಯಾರ್ಥಿಯೊಬ್ಬರಿಗೆ ಮುಜುಗರ ತರುವಂಥ, ಗಾಯಕ ಬ್ಯಾರಿ ಮ್ಯಾನಿಲೋ ಮುಖ ಅಚ್ಚಾದ ಟೀ ಶರ್ಟ್ ಹಾಕಿಸಿ, ಜನ ಕುಳಿತ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಶರ್ಟ್ ಮೇಲೆ ಯಾರಿದ್ದಾರೆಂದು ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದವರು ಸುಮಾರು ಕಾಲು ಭಾಗ. ಆತಂಕದ ತೊಂದರೆ ಇಲ್ಲದ ಸಾಧಾರಣ ವಿದ್ಯಾರ್ಥಿಗಳ ಲೆಕ್ಕವೇ ಹೀಗೆ ತಪ್ಪುತ್ತದೆ. "ನಾಲ್ಕು ಜನ ಏನಂತಾರೆ" ಎನ್ನುವಾಗಿನ ನಾಲ್ಕರಲ್ಲಿ ಎಷ್ಟು ಜನ ನೋಡಿರುತ್ತಾರೆ ಎಂಬುದನ್ನು ಯಾರೂ ಎಣಿಸಲು ಹೋಗುವುದಿಲ್ಲ. ಮುಂದಿನ ವಾರಗಳ ಕೆಲಸ ಬಹುಪಾಲು ಆ ಎಣಿಕೆಯೇ.

ಹಾಳೆಯ ಮೇಲಿನ ಚಿತ್ರದ ಇನ್ನೊಂದು ಮೂಲೆಯಲ್ಲಿ ಊರುಗೋಲುಗಳ ಪಟ್ಟಿ ಬರುತ್ತದೆ. ಅನಾಹುತ ತಪ್ಪಿಸಲೆಂದು ನಾವು ಗುಟ್ಟಾಗಿ ಮಾಡುವ ಉಪಾಯಗಳು ಇವು. ಇದನ್ನು ಆತುರದಲ್ಲಿ ಮುಗಿಸಬಾರದು, ಯಾಕೆಂದರೆ ಅರ್ಧಕ್ಕರ್ಧ ಊರುಗೋಲುಗಳು ಅಭ್ಯಾಸವಾಗಿ ಹೋಗಿ ಊರುಗೋಲೆಂದೇ ಅನ್ನಿಸುವುದಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು. ಬೆವರು ಕಾಣದಿರಲೆಂದು ಕಪ್ಪು ಶರ್ಟ್, ಸೆಕೆಯಲ್ಲೂ ಮೇಲೊಂದು ಜಾಕೆಟ್. ಮೀಟಿಂಗ್‌ನಲ್ಲಿ ಹೇಳಬೇಕಾದ ವಾಕ್ಯವನ್ನು ಒಳಗೇ ಆರು ಸಲ ಜೋಡಿಸಿ ನೋಡುವುದು. ಫೋನ್ ಮಾಡುವ ಬದಲು ವಾಟ್ಸಾಪ್ ಮೆಸೇಜ್. ಒಬ್ಬರೇ ನಿಲ್ಲಬೇಕಾದಾಗ ಮೊಬೈಲ್ ತೆಗೆದು ಸುಮ್ಮನೆ ಉಜ್ಜುವುದು. ಆರತಕ್ಷತೆಯಲ್ಲಿ ವೇದಿಕೆ ಹತ್ತದೆ, ಉಡುಗೊರೆ ಕವರ್ ಅಕ್ಕನ ಕೈಗೆ ಕೊಟ್ಟು ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಬರುವುದು. ತನ್ನ ಬಗ್ಗೆ ಮಾತು ಬಾರದಿರಲೆಂದು ಎದುರಿನವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿರುವುದು. ಇದು ಒಳ್ಳೆಯ ನಡತೆಯ ಹಾಗೆ ಕಾಣುವುದರಿಂದ ಪಟ್ಟಿಯಲ್ಲಿ ತಪ್ಪಿಹೋಗುತ್ತದೆ. ಪಾರ್ಟಿಗೆ ಮುಂಚೆ ಹಾಕುವ ಒಂದು ಪೆಗ್ ಕೂಡ ಊರುಗೋಲೇ, ಎಲ್ಲಕ್ಕಿಂತ ಅಪಾಯದ್ದು.

ಇವುಗಳಿಂದ ಎರಡು ನಷ್ಟ. ಏನೂ ಆಗದೆ ಮನೆಗೆ ಬಂದಾಗ "ಎರಡು ಕೈಯಲ್ಲಿ ಹಿಡಿದದ್ದಕ್ಕೆ ಬಚಾವಾದೆ" ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಭಯ ಸುಳ್ಳಾಯಿತೆಂಬ ಪಾಠ ಆಗುವುದೇ ಇಲ್ಲ. ಎರಡನೆಯದು ಇನ್ನೂ ವಿಚಿತ್ರ. ಯಾವುದನ್ನು ಮುಚ್ಚಲು ಹೊರಟೆವೋ ಅದನ್ನೇ ಊರುಗೋಲು ಹೆಚ್ಚು ಮಾಡುತ್ತದೆ. ಲೋಟವನ್ನು ಬಿಗಿಯಾಗಿ ಹಿಡಿದಷ್ಟೂ ಸ್ನಾಯು ಬಿಗಿದು ನಡುಕ ಜಾಸ್ತಿ. ಜಾಕೆಟ್ ಒಳಗೆ ಬೆವರು ಧಾರಾಕಾರ. ವಾಕ್ಯ ಜೋಡಿಸುತ್ತ ಕೂತವರು ಎದುರಿನವರ ಮಾತನ್ನು ಕೇಳಿಸಿಕೊಂಡಿರುವುದಿಲ್ಲ. "ಅವರಿಗೆ ಸ್ವಲ್ಪ ಜಂಬ" ಎಂಬ ಹೆಸರು ಬರುವುದು ಅಲ್ಲಿಂದಲೇ.

ಇದನ್ನು ನಂಬಿ ಎಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೂರನೇ ವಾರ ಪರೀಕ್ಷೆ ಮಾಡಿ ನೋಡಬಹುದು. ಅಷ್ಟೇನೂ ಸಲಿಗೆ ಇಲ್ಲದ ಒಬ್ಬ ಪರಿಚಿತರ ಜತೆ ಐದೈದು ನಿಮಿಷದ ಎರಡು ಮಾತುಕತೆ. ಮೊದಲನೆಯದರಲ್ಲಿ ಎಲ್ಲ ಊರುಗೋಲನ್ನೂ ಬೇಕೆಂದೇ ಬಳಸಿ, ಗಮನವನ್ನು ಒಳಗೇ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಊರುಗೋಲುಗಳನ್ನು ಬಿಟ್ಟು ಅವರ ಮಾತಿನ ಮೇಲೆ ಗಮನ ಇಡಿ. ಎರಡಕ್ಕೂ ಮೂರು ಅಂಕ: ಎಷ್ಟು ಭಯವಾಯಿತು, ಎಷ್ಟು ಭಯಬಿದ್ದಂತೆ ಕಂಡಿರಬಹುದು, ಮಾತು ಎಷ್ಟು ಸರಾಗವಾಯಿತು. ಪರಿಚಿತರು ಒಪ್ಪಿದರೆ ಅವರೂ ಕೊನೆಯ ಎರಡಕ್ಕೆ ಅಂಕ ಕೊಡಲಿ. ಸಾಮಾನ್ಯವಾಗಿ ಎರಡನೇ ಮಾತುಕತೆಯ ಅಂಕವೇ ಚೆನ್ನಾಗಿರುತ್ತದೆ, ಮೊದಲನೆಯದು ಸುರಕ್ಷಿತ ಅನ್ನಿಸಿದ್ದರೂ ಕೂಡ.

ಗಮನವನ್ನು ಹೊರಕ್ಕೆ ತಿರುಗಿಸುವುದು ಬೇಕೆಂದಾಗ ಬರುವ ವಿದ್ಯೆಯಲ್ಲ, ಭಯವಿಲ್ಲದ ಹೊತ್ತಿನಲ್ಲಿ ರೂಢಿ ಮಾಡಬೇಕು. ದಿನಕ್ಕೆರಡು ಸಲ ಐದೈದು ನಿಮಿಷ ಸಾಕು. ಬಸ್ಸಿನಲ್ಲಿ ಕೂತಾಗ ಎಂಜಿನ್ ಸದ್ದು, ಹಿಂದಿನ ಸೀಟಿನ ಮಾತು, ಕಂಡಕ್ಟರ್ ಸೀಟಿ, ಇವನ್ನು ಒಂದೊಂದಾಗಿ ಹಿಡಿದು, ಬಿಟ್ಟು, ಮತ್ತೊಂದಕ್ಕೆ ಹೋಗಿ. ಎದೆ ಬಡಿತ ನಡುವೆ ಬಂದರೆ ಬರಲಿ, ಮತ್ತೆ ಸೀಟಿಯ ಸದ್ದಿಗೆ ಮರಳಿ. ಮನಸ್ಸು ಶಾಂತವಾಗಲೆಂದು ಇದನ್ನು ಮಾಡಬೇಡಿ. ಶಾಂತಿ ಬಂತೇ ಎಂದು ಪರೀಕ್ಷಿಸಲು ಹೊರಟರೆ ಗಮನ ಮತ್ತೆ ಒಳಗೇ.

ಉಸಿರಾಟದ ಬಗ್ಗೆ ಒಂದು ಮಾತು. "ಜೋರಾಗಿ ಉಸಿರು ಎಳ್ಕೋ" ಎಂದು ಎಲ್ಲರೂ ಹೇಳುತ್ತಾರೆ. ಭಯದಲ್ಲಿ ಆಗಲೇ ಬೇಗಬೇಗ ಉಸಿರಾಡುತ್ತಿರುವವರು ಇನ್ನೂ ಜೋರಾಗಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟಿ ತಲೆ ಹಗುರಾಗುತ್ತದೆ, ಭಯ ಏರುತ್ತದೆ. ಬೇಕಿದ್ದರೆ ನಿಧಾನ ಮಾಡಿ, ಬಿಡುವ ಉಸಿರು ಎಳೆದುಕೊಳ್ಳುವುದಕ್ಕಿಂತ ಉದ್ದವಿರಲಿ. ಅದೂ ಮನೆಯಲ್ಲಿ. ಪ್ರಯೋಗದ ನಡುವೆ ಎಣಿಸುತ್ತ ಉಸಿರಾಡಿದರೆ ಅದೇ ಹೊಸ ಊರುಗೋಲಾಗುತ್ತದೆ.

ನಾಲ್ಕನೇ ವಾರ ಏಣಿ ಕಟ್ಟುವುದು. ಹತ್ತು ಹನ್ನೆರಡು ಮೆಟ್ಟಿಲು, ಪ್ರತಿಯೊಂದಕ್ಕೂ ಭಯದ ಅಂಕ. ಕೆಳಗೆ 30ರದ್ದು: ಅಪರಿಚಿತರ ಹತ್ತಿರ ಟೈಮ್ ಕೇಳುವುದು, ಅಂಗಡಿಯಲ್ಲಿ ಕೇಳಿ ಏನೂ ಕೊಳ್ಳದೆ ಬರುವುದು. ನಡುವೆ 50, 60: ಸಹೋದ್ಯೋಗಿಗಳು ಪಕ್ಕದಲ್ಲಿರುವಾಗಲೇ ಫೋನ್ ಮಾಡುವುದು, ಬ್ಯಾಂಕ್ ಕೌಂಟರ್‌ನಲ್ಲಿ ಗುಮಾಸ್ತರು ನೋಡುತ್ತಿರುವಾಗ ಸಹಿ ಹಾಕುವುದು. ಮೇಲೆ 80, 90: ಮೀಟಿಂಗ್‌ನಲ್ಲಿ "ನನಗೆ ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಎನ್ನುವುದು. ಶುರು 30, 40ರ ಆಸುಪಾಸಿನಿಂದ ಆಗಲಿ. ಮೊದಲ ದಿನವೇ ಭಾಷಣ ಕಲಿಸುವ ಕ್ಲಬ್ಬಿಗೆ ಸೇರಿ, ನಡುಗುತ್ತ ಎರಡು ನಿಮಿಷ ಮಾತಾಡಿ, ಮತ್ತೆ ಆ ಕಡೆ ತಲೆ ಹಾಕದವರು ಬಹಳ.

ಪ್ರತಿ ಮೆಟ್ಟಿಲಿಗೂ ಒಂದು ಪುಟ, ಅರ್ಧ ಹೋಗುವ ಮುಂಚೆ, ಅರ್ಧ ಬಂದ ಮೇಲೆ. ಚೆನ್ನಾಗಿ ತುಂಬಿದ ಪುಟ ಹೀಗಿರುತ್ತದೆ:

ದರ್ಶಿನಿ, ಬೆಳಿಗ್ಗೆ ಎಂಟೂವರೆ, ರಶ್.
ಮಾಡೋದು: ಲೋಟದ ತುಂಬ ಕಾಫಿ, ನಡುವಿನ ಟೇಬಲ್, ಒಂದೇ ಕೈ.
ಆಗುತ್ತೆ ಅನ್ನಿಸೋದು: ಕೈ ನಡುಗಿ ಚೆಲ್ಲುತ್ತೆ (ನಂಬಿಕೆ 80). ಕನಿಷ್ಠ ಮೂರು ಜನ ದುರುಗುಟ್ಟಿ ನೋಡ್ತಾರೆ (75).
ಬಿಡೋ ಊರುಗೋಲು: ಎರಡನೇ ಕೈ, ಮೊಬೈಲ್, ಗೋಡೆ ಕಡೆ ಮುಖ.
ಎಣಿಸೋದು: ಎಷ್ಟು ಜನ ತಲೆ ಎತ್ತಿದರು.
ಆದದ್ದು: ನಡುಗಿತು. ಎರಡು ಹನಿ ಚೆಲ್ಲಿತು. ಎದುರಿನವರು ಚಟ್ನಿಗೆ ಕಾಯ್ತಾ ಕೌಂಟರ್ ಕಡೆ ನೋಡ್ತಿದ್ರು. ಪಕ್ಕದವರು ಒಂದ್ಸಲ ನೋಡಿ ಮತ್ತೆ ಫೋನಿಗೆ. ಎಣಿಕೆ 1. ಭಯ ಶುರುವಿಗೆ 65, ಲೋಟ ಇಡುವಾಗ 40.
ತಿಳಿದದ್ದು: ನಡುಗಿದ್ದು ನಿಜ. ಮೂವರು ನೋಡ್ತಾರೆ ಅನ್ನೋದು ಸುಳ್ಳು.

"ಎಣಿಸೋದು" ಎಂಬ ಸಾಲು ಚಿಕ್ಕದಾಗಿ ಕಂಡರೂ ಪುಟದ ಜೀವ ಅದರಲ್ಲಿದೆ. ತಲೆಗಳನ್ನು ಎಣಿಸಬೇಕೆಂದರೆ ಕಣ್ಣು ಎತ್ತಲೇಬೇಕು, ಗಮನ ತಾನಾಗಿ ಹೊರಗೆ ಬರುತ್ತದೆ. ಇನ್ನು, ಕೈ ನಡುಗಬಾರದು ಎಂಬ ಗುರಿ ಈ ಪುಟದಲ್ಲಿ ಎಲ್ಲೂ ಇಲ್ಲ. ಹಾಗೆ ಗುರಿ ಇಟ್ಟವರಿಗೆ ನಡುಗಿದ ದಿನವೆಲ್ಲ ಸೋಲು. ಎರಡು ಮೆಟ್ಟಿಲು ಮೇಲೆ ಹೋದಾಗ ಬೇಕೆಂದೇ ಕೈ ಅಲುಗಿಸಿ ಸ್ವಲ್ಪ ಚೆಲ್ಲುವ ಪ್ರಯೋಗ ಬರುತ್ತದೆ (ಒರೆಸಲು ಜೇಬಿನಲ್ಲಿ ಕಾಗದ ಇಟ್ಟುಕೊಂಡಿರಿ, ಟೇಬಲ್ ಒರೆಸುವ ಹುಡುಗನಿಗೆ ಹೊರೆ ಬೇಡ). ಮೆಡಿಕಲ್ ಶಾಪ್‌ಗೆ ಹೋಗಿ "ಕರಿಬೇವು ಇದೆಯಾ?" ಎಂದು ಕೇಳುವುದೂ ಇದೇ ಜಾತಿಯದು. ಪೆದ್ದರಂತೆ ಕಂಡರೆ ಆಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಸಿಗುತ್ತದೆ. ಬಹುತೇಕ "ಪಕ್ಕದ ತರಕಾರಿ ಅಂಗಡೀಲಿ ನೋಡಿ" ಎಂಬಷ್ಟೇ.

ಕಾಫಿ, ಚಿಲ್ಲರೆ, ಸಹಿ, ಇವೆಲ್ಲ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತವೆ. ಭಯ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಚಿಕ್ಕ ಪ್ರಯೋಗಗಳನ್ನು ಒಂದೇ ಮಧ್ಯಾಹ್ನ ನಾಲ್ಕೈದು ಕಡೆ ಮಾಡಬೇಕು. ವಾರಕ್ಕೊಂದು ಮಾಡಿದರೆ ಪ್ರತಿ ಸಲವೂ ಮೊದಲ ಸಲವೇ. ವಾರದಲ್ಲಿ ನಾಲ್ಕೈದು ದಿನ ಏನಾದರೂ ಒಂದು ಇರಲಿ.

ಕೆಟ್ಟುಹೋಗುವ ಜಾಗಗಳು ಕೆಲವಿವೆ. ಮೊದಲನೆಯದು, "ಏನೋ ಎಡವಟ್ಟಾಗುತ್ತೆ" ಎಂಬ ಮಸುಕು ಮಾತು. ಅದನ್ನು ಸುಳ್ಳು ಎಂದು ತೋರಿಸಲು ಸಾಧ್ಯವೇ ಇಲ್ಲ. ಯಾರು, ಏನು ಮಾಡುತ್ತಾರೆ, ಎಷ್ಟು ಜನ ಎಂದು ಬರೆದಿದ್ದರೆ ಮಾತ್ರ ತಾಳೆ ನೋಡಬಹುದು. ಎರಡನೆಯದು, "ಅವರು ಒಳಗೊಳಗೇ ನಕ್ಕಿರ್ತಾರೆ" ಎಂದು ಬಂದ ಮೇಲೆ ಸೇರಿಸುವುದು. ಒಳಗೊಳಗಿನದ್ದಕ್ಕೆ ಸಾಕ್ಷಿ ಇಲ್ಲ. ಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ಮೂರನೆಯದು, ಭಯ ತಾರಕದಲ್ಲಿದ್ದಾಗ ಎದ್ದು ಬರುವುದು. ಹಾಗೆ ಬಂದರೆ ಸಿಗುವ ನಿರಾಳವೇ ಮುಂದಿನ ಸಲ ಇನ್ನೂ ಬೇಗ ಎಬ್ಬಿಸುತ್ತದೆ. ಆಗದೇ ಹೋದರೆ ಐದು ನಿಮಿಷ ಹೊರಗೆ ನಿಂತು ಅವತ್ತೇ ವಾಪಸ್ ಹೋಗಿ. ನಾಲ್ಕನೆಯದು, ಮನೆಗೆ ಬಂದು ಅಕ್ಕನನ್ನೋ ಸ್ನೇಹಿತರನ್ನೋ "ನಾನು ಸರಿಯಾಗಿ ಮಾತಾಡಿದ್ನಾ?" ಎಂದು ನಾಲ್ಕು ಸಲ ಕೇಳುವುದು. "ಚೆನ್ನಾಗೇ ಮಾತಾಡಿದೆ ಬಿಡೋ" ಎಂಬ ಉತ್ತರದ ಬಲ ಅರ್ಧ ಗಂಟೆಯೂ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾಳುಮಾಡುವುದು ರಾತ್ರಿಯ ಮೆಲುಕು. ಹಗಲು ಗೆದ್ದದ್ದನ್ನು ದಿಂಬಿಗೆ ತಲೆ ಕೊಟ್ಟ ಮೇಲೆ ಸೋಲುತ್ತೇವೆ. ಹಾಗೆ ಯಾಕೆ ಅಂದೆ, ಅವರು ಯಾಕೆ ಸುಮ್ಮನಾದರು ಎಂದು ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲವೂ ಒಂದಿಷ್ಟು ಬಣ್ಣ ಬಳಿದು, ಬೆಳಗಾಗುವ ಹೊತ್ತಿಗೆ ಸಾಧಾರಣ ಮಾತುಕತೆಯೊಂದು ಮರ್ಯಾದೆ ಹೋದ ಘಟನೆಯಾಗಿರುತ್ತದೆ. ಯೋಚಿಸಬಾರದು ಎಂದು ಹಟ ಹಿಡಿದರೆ ಇನ್ನಷ್ಟು ಬರುತ್ತದೆ. ಪುಟದ ಕೆಳಗರ್ಧ ಬರೆದಾಗಿದೆ ತಾನೇ? ಮೆಲುಕು ಶುರುವಾದಾಗ "ಇದು ಮೆಲುಕು" ಎಂದು ಹೆಸರಿಟ್ಟು, ಬರೆದದ್ದನ್ನು ಒಮ್ಮೆ ಓದಿ, ಎದ್ದು ಬೇರೆ ಕೆಲಸಕ್ಕೆ ಕೈ ಹಾಕಿ. ಮಲಗಿಕೊಂಡೇ ವಿಚಾರಣೆ ನಡೆಸಬೇಡಿ.

ಆರು ಏಳನೇ ವಾರದ ಹೊತ್ತಿಗೆ ಮೊಬೈಲ್ ಕ್ಯಾಮೆರಾ ಉಪಯೋಗಕ್ಕೆ ಬರುತ್ತದೆ. ಎರಡು ಮೂರು ನಿಮಿಷ ಯಾರ ಎದುರಿಗಾದರೂ ಮಾತಾಡಿ, ಅವರ ಒಪ್ಪಿಗೆ ಪಡೆದು ಚಿತ್ರೀಕರಿಸಿ. ತಕ್ಷಣ ನೋಡಬೇಡಿ. ಮುಖ ಎಷ್ಟು ಕೆಂಪಾಗಿರುತ್ತದೆ, ಎಷ್ಟು ಸಲ ತಡವರಿಸಿರುತ್ತೀರಿ, ಮೌನ ಎಷ್ಟು ಸೆಕೆಂಡ್ ಇರುತ್ತದೆ ಎಂದು ಮೊದಲು ಬರೆಯಿರಿ. ಆಮೇಲೆ ಅಪರಿಚಿತರ ವಿಡಿಯೊ ನೋಡುವ ಹಾಗೆ ನೋಡಿ, ಗಡಿಯಾರ ಹಿಡಿದು ಅಳೆಯಿರಿ. ಹತ್ತು ಸೆಕೆಂಡ್ ಅನ್ನಿಸಿದ ಮೌನ ಎರಡೇ ಸೆಕೆಂಡ್ ಇರಬಹುದು. ನೋಡುವಾಗ ಅವತ್ತಿನ ಹೊಟ್ಟೆ ತೊಳಸು ಮರುಕಳಿಸಿದರೆ ನಿಲ್ಲಿಸಿ. ಆಗ ಕಣ್ಣು ಪರದೆಯ ಮೇಲಿದ್ದರೂ ನೋಡುತ್ತಿರುವುದು ಒಳಗಿನ ಚಿತ್ರವನ್ನೇ.

ಒಂದು ವಿಷಯ ನೇರವಾಗಿ ಹೇಳಬೇಕು. ನೋಡುವ ಕಣ್ಣೆಲ್ಲ ಕಲ್ಪನೆಯಲ್ಲ. ಇಂಗ್ಲಿಷ್ ತಪ್ಪಿದ್ದಕ್ಕೆ, ಊರಿನ ಕನ್ನಡಕ್ಕೆ, ಬಣ್ಣಕ್ಕೆ, ಜಾತಿಗೆ ಆಡಿಕೊಳ್ಳುವವರು ನಿಜವಾಗಿ ಇದ್ದಾರೆ. ನೋಟ್‌ಬುಕ್‌ನಲ್ಲಿ ಒಬ್ಬರೇ ವ್ಯಕ್ತಿಯ ಹೆಸರು ಮತ್ತೆ ಮತ್ತೆ ಬಂದು, "ಆದದ್ದು" ಸಾಲಿನಲ್ಲಿ ಪ್ರತಿ ಸಲವೂ ಅವಮಾನವೇ ಇದ್ದರೆ, ಅದು ನಿಮ್ಮ ಆತಂಕದ ಲೆಕ್ಕಕ್ಕೆ ಬರುವುದಿಲ್ಲ. ಅಂಥವರ ಮುಂದೆ ಏಣಿ ಹತ್ತುವ ಬದಲು ದೂರು, ದೂರ, ಜತೆಗಾರರು, ಇವೇ ದಾರಿ.

ಪುಸ್ತಕ ಹಿಡಿದು ಒಬ್ಬರೇ ಮಾಡುವುದಕ್ಕಿಂತ ಯಾರಾದರೂ ಜತೆಗಿದ್ದರೆ ಒಳ್ಳೆಯದು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು ಚಿಕಿತ್ಸಕರೊಂದಿಗೆ ಮುಖಾಮುಖಿ ಮಾಡುವ ಇದೇ ಬಗೆಯ ಚಿಕಿತ್ಸೆಯನ್ನು: ಸುಮಾರು ನಾಲ್ಕು ತಿಂಗಳಲ್ಲಿ 90 ನಿಮಿಷದ 14 ಭೇಟಿ. ಸ್ವಸಹಾಯವೇ ಬೇಕೆನ್ನುವವರಿಗೂ ಮೂರು ನಾಲ್ಕು ತಿಂಗಳಲ್ಲಿ ಒಟ್ಟು ಮೂರು ಗಂಟೆಯಷ್ಟು ಬೆಂಬಲ ಇರಲಿ ಎನ್ನುತ್ತದೆ, ಫೋನಿನಲ್ಲಾದರೂ ಸರಿ. ಹಾಗೆ ನೋಡಿದರೆ, ವಾರಕ್ಕೆ ಹದಿನೈದು ನಿಮಿಷ ಪುಟಗಳನ್ನು ನೋಡಿ "ಇಲ್ಲಿ ಊರುಗೋಲು ಬಿಟ್ಟಿದ್ದೀಯಾ?" ಎಂದು ಕೇಳುವ ಒಬ್ಬ ಸ್ನೇಹಿತರಿದ್ದರೂ ಮೂರು ತಿಂಗಳಿಗೆ ಮೂರು ಗಂಟೆ ಆಯಿತು.

ಎಂಟನೇ ವಾರಕ್ಕೂ ಸ್ಪಿನ್ ಅಂಕ ಅಲುಗದಿದ್ದರೆ, ಕುಡಿತ ಏರುತ್ತಿದ್ದರೆ, ನಿದ್ದೆ ಊಟ ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಕಾಯದೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡ ಅನ್ನಿಸಿದರೆ ಅವತ್ತೇ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಬರೆಯುವ ಆತಂಕದ ಮಾತ್ರೆಗಳಲ್ಲಿ ಕೆಲವು ಪರಿಣಾಮ ತೋರಲು ಹಲವು ವಾರ ಬೇಕು. ವಾರಕ್ಕೇ ಬಿಟ್ಟುಬಿಡಬೇಡಿ, ನಿಲ್ಲಿಸುವುದಿದ್ದರೂ ವೈದ್ಯರನ್ನು ಕೇಳಿಯೇ. ನಡುಕಕ್ಕೆಂದು ಸ್ನೇಹಿತರು ಕೊಡುವ ಪ್ರೊಪ್ರನಲಾಲ್ ಎಂಬ ಮಾತ್ರೆ ಅಸ್ತಮಾ ಇರುವವರಿಗೆ ಅಪಾಯ.

ಹನ್ನೆರಡನೇ ವಾರ ಏಣಿಯ ಎಲ್ಲ ಮೆಟ್ಟಿಲೂ ಮುಗಿದಿರುವುದಿಲ್ಲ. ಮೇಲಿನ ಎರಡು ಮೂರು ಉಳಿದಿದ್ದರೆ ಉಳಿಯಲಿ, ಹೊಸ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ. ಜ್ವರ ಬಂದೋ ಊರಿಗೆ ಹೋಗಿಯೋ ಎರಡು ವಾರ ತಪ್ಪಿದರೆ ಭಯ ಸ್ವಲ್ಪ ಮರಳಿ ಬರುತ್ತದೆ. ಆಗ ಬಿಟ್ಟ ಮೆಟ್ಟಿಲಿಗೇ ಹಾರದೆ ಎರಡು ಮೆಟ್ಟಿಲು ಕೆಳಗಿನಿಂದ ಹಿಡಿದುಕೊಳ್ಳಿ. ಉದಾಹರಣೆಗೆ, ಆರತಕ್ಷತೆಯ ವೇದಿಕೆ ಹತ್ತುವುದು ಬಾಕಿಯಿದ್ದರೆ ಮುಂದಿನ ಮದುವೆಯಲ್ಲಿ ಪಂಕ್ತಿಯಲ್ಲೇ ಶುರು: ಹಪ್ಪಳವನ್ನು ಎಲ್ಲರಿಗೂ ಕೇಳುವಂತೆ ಪಟ್ಟೆಂದು ಮುರಿದು, ಎಷ್ಟು ತಲೆ ತಿರುಗಿದವು ಎಂದು ಎಣಿಸಿ, ಬಡಿಸುವವರನ್ನು ಕರೆದು ಇನ್ನೊಂದು ಹಾಕಿಸಿಕೊಳ್ಳುವುದು.